ಗಾಡಿಗೆ ಎರಡು ಮೂಗು

ಅವರ ತಲೆಯ ಹಿಂಭಾಗದಲ್ಲಿ ಅಂಗೈಯಗಲದಷ್ಟು ಜಾಗದಲ್ಲಿ ಕೂದಲೇ ಇರಲಿಲ್ಲ. ಹಣೆಯ ಮೇಲೆ, ನೆತ್ತಿಯಲ್ಲಿ, ಕಿವಿಗಳ ಪಕ್ಕ ಎಲ್ಲ ಕಡೆ ದಟ್ಟವಾದ ನರೆಗೂದಲು. ಹಿಂದೆ ಮಾತ್ರ ಉಜ್ಜಿ ಉಜ್ಜಿ ನುಣುಪಾದ ಒಂದು ಬಿಲ್ಲೆ. ನಲವತ್ತು ವರ್ಷ ಲಾರಿ, ಜೀಪು, ಟೆಂಪೋಗಳ ಅಡಿಯಲ್ಲಿ ಗೋಣಿಚೀಲ ಹಾಸಿಕೊಂಡು ಅಂಗಾತ ಮಲಗಿದ್ದರ ಗುರುತು ಅದು. "ಕ್ಷೌರದೋನು ಅಲ್ಲಿಗಂಟ ಬಂದ್ರೆ ಕತ್ರಿ ಕೆಳಗಿಟ್ಟು ಬೀಡಿ ಅಚ್ಕತ್ತಾನೆ" ಎಂದು ಅವರೇ ನಗುತ್ತಿದ್ದರು.

ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆಗೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಜಾಗದಲ್ಲಿ, ಒಂದು ಹೊಂಗೆ ಮರಕ್ಕೆ ತಗಡು ಸೇರಿಸಿ ಕಟ್ಟಿದ್ದ ಶೆಡ್ಡು ಅವರದು. ಬೋರ್ಡು ಇರಲಿಲ್ಲ. ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು, ನಾನು ಮೇಸ್ತ್ರಿಗಳೇ ಎನ್ನುತ್ತಿದ್ದೆ. ಭೇರ್ಯದ ಹತ್ತಿರದ ಒಂದು ಹಳ್ಳಿಯವರು. ದಿನವೂ ಬೆಳಿಗ್ಗೆ ಕೆ.ಆರ್. ನಗರದ ಮೇಲೆ ಬಸ್ಸು ಬದಲಿಸಿಕೊಂಡು ಬಂದು, ಸಂಜೆ ಬಸ್ಸಿಗೇ ವಾಪಸು ಹೋಗುತ್ತಿದ್ದರು. ಊರಿಗೆಲ್ಲ ಗಾಡಿ ರಿಪೇರಿ ಮಾಡುತ್ತಿದ್ದ ಮನುಷ್ಯನಿಗೆ ಸ್ವಂತ ಗಾಡಿ ಎಂಬುದಿರಲಿಲ್ಲ.

ಬಾನೆಟ್ಟು ತೆಗೆಯುವ ಮುಂಚೆ ಬೆರಳ ಗಂಟಿನಿಂದ ಅದರ ಮೇಲೆ ಎರಡು ಸಲ ತಟ್ಟುತ್ತಿದ್ದರು, ಯಾರದೋ ಮನೆ ಬಾಗಿಲು ತಟ್ಟಿದ ಹಾಗೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಕಣ್ಣು ಮುಚ್ಚಿ ಕೇಳುತ್ತಿದ್ದರು. ಆಗ ಯಾರಾದರೂ ಮಾತಾಡಿದರೆ ಕೈ ಎತ್ತಿ ಸುಮ್ಮನಿರಿಸುತ್ತಿದ್ದರು. "ಗಾಡಿ ಸುಳ್ಳು ಯೋಳಾಕಿಲ್ಲ ಕಣ್ರೀ. ಸುಳ್ಳು ಯೋಳೋದೆಲ್ಲ ಓಡ್ಸೋನು" ಎನ್ನುವುದು ಅವರ ಮಾತು. ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡೇ ಓಡಿಸಿ, ಕಾಲಿಡುವುದೇ ಇಲ್ಲ ಎಂದು ವಾದಿಸುವ ನನ್ನಂಥವರಿಗೆ ಅದು ನೇರವಾಗಿ ತಗಲುತ್ತಿತ್ತು.

ಕೆಲಸ ಶುರುಮಾಡುವಾಗ ಒಂದು ಹಳೇ ಪಂಚೆಯ ತುಂಡು ಹಾಸಿ ಸಾಮಾನುಗಳನ್ನು ಸಾಲಾಗಿ ಜೋಡಿಸಿ ಎಣಿಸುತ್ತಿದ್ದರು. ಮುಗಿದ ಮೇಲೆ ಮತ್ತೆ ಎಣಿಸುತ್ತಿದ್ದರು. ಇದು ಎಷ್ಟರ ಮಟ್ಟಿಗೆ ಎಂಬುದು ನನಗೆ ಗೊತ್ತಾಗಿದ್ದು ಕೆ.ಆರ್. ನಗರದಲ್ಲಿ. ಹಿಂದಿನ ದಿನ ಅವರ ಹತ್ತಿರ ನಮ್ಮ ಪಿಕಪ್ಪಿಗೆ ಫ್ಯಾನ್ ಬೆಲ್ಟು ಹಾಕಿಸಿದ್ದೆ. ಬಿತ್ತನೆ ಭತ್ತ ತರಲು ಹೋದವನು ಅಂಗಡಿಯ ಮುಂದೆ ಮೂಟೆ ಹೇರಿಸುತ್ತಾ ನಿಂತಿದ್ದೆ. ಮೇಸ್ತ್ರಿಗಳು ಬಿಸಿಲಲ್ಲಿ ಓಡುನಡಿಗೆಯಲ್ಲಿ ಬಂದರು. ನಮ್ಮ ಮನೆಗೆ ಫೋನು ಮಾಡಿ ನಾನು ಎಲ್ಲಿರುವೆನೆಂದು ಕೇಳಿ ತಿಳಿದುಕೊಂಡು ಬಂದಿದ್ದರು.

"ಗೌಡ್ರೇ, ಗಾಡಿ ಸ್ಟಾರ್ಟ್ ಮಾಡ್ಬ್ಯಾಡಿ. ನೆನ್ನೆ ಸಂಜೆ ಬಸ್ಸಿನ ಅವಸರದಲ್ಲಿ ಎಣ್ಸಿದ್ದು ತಪ್ಪೋಗದೆ, ಒಂದು ಸ್ಪ್ಯಾನರ್ ಲೆಕ್ಕಕ್ಕೆ ಸಿಗ್ತಿಲ್ಲ."

ಅರ್ಧ ಗಂಟೆ ಬಾನೆಟ್ಟಿನೊಳಗೆ ತಲೆ ಹಾಕಿ ಹುಡುಕಿದರು. ಸಿಗಲಿಲ್ಲ. ನನಗೆ ಸಿಟ್ಟು ಬಂದಿತ್ತು. ಒಂದು ಸ್ಪ್ಯಾನರಿಗೆ ಇಷ್ಟು ಯಾಕೆ ಎಂದೆ. ಅವರು ಕೈ ಒರೆಸಿಕೊಳ್ಳುತ್ತಾ ಹೇಳಿದರು. ಪ್ರಾಯದಲ್ಲಿ ಒಬ್ಬ ಲಾರಿ ಮಾಲೀಕನ ಹತ್ತಿರ ಕೆಲಸಕ್ಕಿದ್ದಾಗ ಇಂಜಿನ್ನಿನ ಮೇಲೆ ಒಂದು ಸ್ಪ್ಯಾನರ್ ಮರೆತಿದ್ದರಂತೆ. ಬಾನೆಟ್ಟು ತೆಗೆದಿದ್ದಾಗಲೇ ಇವರು ಇಂಜಿನ್ ಚಾಲೂ ಮಾಡಿದರು, ಅದು ಜಾರಿ ಫ್ಯಾನಿಗೆ ಸಿಕ್ಕಿ, ಮುರಿದ ಫ್ಯಾನಿನ ರೆಕ್ಕೆಯೊಂದು ಹಾರಿ ಬಂದು ಮುಂದೆ ನಿಂತಿದ್ದ ಡ್ರೈವರನ ಎಡಗಣ್ಣಿಗೆ ಬಡಿಯಿತು. ಕಣ್ಣು ಹೋಯಿತು. "ಅವ್ನು ಇನ್ನೂ ಬದ್ಕವ್ನೆ. ಯುಗಾದಿಗೆ ಓಗಿ ನೋಡ್ಕಬತ್ತೀನಿ. ಬೈಯಾಕಿಲ್ಲ. ಬೈದಿದ್ರೆ ವಾಸಿಯಾಗಿತ್ತು" ಎಂದರು. ಈ ಸಲ ಕಳೆದಿದ್ದ ಸ್ಪ್ಯಾನರು ಅವರ ಗೋಣಿಚೀಲದ ಮಡಿಕೆಯಲ್ಲೇ ಇತ್ತೆಂದು ಮಾರನೆಯ ದಿನ ತಿಳಿಯಿತು.

ಇನ್ನು ನಮ್ಮ ಪಿಕಪ್ಪಿನ ವಿಷಯ. ಹೊಸ ಶತಮಾನ ಬಂದು ಆರೇಳು ವರ್ಷವಾಗಿತ್ತು. ನಮ್ಮದು ಬಿಳಿಕೆರೆಯಿಂದ ನಾಲ್ಕು ಮೈಲಿ ಒಳಗಿರುವ ಊರು. ಹೊಗೆಸೊಪ್ಪಿನ ಬೇಲು ಹರಾಜುಕಟ್ಟೆಗೆ ಸಾಗಿಸಲು, ಮಿಕ್ಕ ದಿನ ಮನೆಮಂದಿ ಓಡಾಡಲು ಎಂದು ಕೊಡಗಿನ ಒಬ್ಬ ತೋಟದವರಿಂದ ಹಳೆಯ ಪಿಕಪ್ಪು ಕೊಂಡೆ. ಹಿಂದೆ ತೊಟ್ಟಿ, ಮುಂದೆ ಐದು ಜನ ಕೂರುವ ಎರಡು ಸಾಲು ಸೀಟು, ಮೇಲಾಗಿ ಎ.ಸಿ. ನಮ್ಮ ಊರಿಗೆ ಬಂದ ಮೊದಲ ಎ.ಸಿ. ಗಾಡಿ ಅದು. ಮೊದಲ ವಾರ ಊರಿನ ಹಿರಿಯರೆಲ್ಲ ಒಬ್ಬೊಬ್ಬರಾಗಿ ಹತ್ತಿ ಕೂತು ತಣ್ಣಗಾಗಿ ಇಳಿದು ಹೋದರು.

ಅದು ಒಗ್ಗದೆ ಹೋದದ್ದು ನನ್ನ ಹೆಂಡತಿ ಜಯಳಿಗೆ. ಅವಳ ತೌರು ಎಚ್.ಡಿ. ಕೋಟೆಯಿಂದ ಆಚೆ. ಅವಳ ತಾಯಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿತ್ತು. ಮಾತೂ ಹೋಗಿತ್ತು. ಒಬ್ಬಳೇ ಮಗಳು. ವಾರಕ್ಕೊಮ್ಮೆಯಾದರೂ ಹೋಗಿ ತಾಯಿಗೆ ಸ್ನಾನ ಮಾಡಿಸಿ, ತಲೆ ಬಾಚಿ, ಊಟ ಮಾಡಿಸಿ ಬರಬೇಕು ಎನ್ನುವುದು ಅವಳ ಆಸೆ. ಬಸ್ಸಿನಲ್ಲಿ ಮೂರು ಕಡೆ ಇಳಿದು ಹತ್ತಿ ಹೋದರೆ ಅಂದೇ ವಾಪಸು ಬರಲು ಆಗುತ್ತಿರಲಿಲ್ಲ. ಗಾಡಿ ಕೊಂಡಾಗ ಹೆಚ್ಚು ಸಂತೋಷಪಟ್ಟವಳು ಅವಳೇ. ಆದರೆ ಗಾಡಿಯಲ್ಲಿ ಕೂತು ಹುಣಸೂರು ತಲುಪುವಷ್ಟರಲ್ಲಿ ಕೆಮ್ಮು ಹತ್ತುತ್ತಿತ್ತು. ಕೋಟೆ ರಸ್ತೆಗೆ ತಿರುಗುವ ಹೊತ್ತಿಗೆ ಉಬ್ಬಸ. ಎರಡು ಸಲ ಅರ್ಧ ದಾರಿಯಿಂದ ವಾಪಸು ಕರೆತಂದೆ. ಮೂರನೆಯ ಸಲ ನೇರ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಾಯಿತು. ಅವರು ಸೇದುವ ಔಷಧ ಕೊಟ್ಟು, ಹೊಗೆಸೊಪ್ಪಿನ ಧೂಳು ಆಗುವುದಿಲ್ಲವೇನೋ, ದೂರ ಇರಿ ಎಂದರು. ಸೊಪ್ಪು ಬೇಯಿಸುವ ಬ್ಯಾರನ್ನಿನ ಬಾಗಿಲಲ್ಲೇ ದಿನವಿಡೀ ಸೊಪ್ಪು ಕಟ್ಟುತ್ತಿದ್ದವಳು ಅವಳು. ಅಲ್ಲಿ ಇಷ್ಟು ಉಬ್ಬಸ ಬರುತ್ತಿರಲಿಲ್ಲ.

ಹಾಗಾದರೆ ಗಾಡಿಯದೇ ದೋಷ ಎಂದಿತು ಊರು. ನಮ್ಮಮ್ಮ "ಆ ಗಾಡಿ ನಮ್ಮನೆಗೆ ಆಗಿಬರ್ನಿಲ್ಲ, ಬುಟ್ಬುಡು" ಎಂದಳು. ನನಗೆ ಅದೂ ಸರಿ ಕಾಣಲಿಲ್ಲ. ಒಂದು ದಿನ ಬೇಸರದಲ್ಲಿ ಜಯಳಿಗೆ, "ಎಲ್ಲಾ ನಿನ್ನ ಮನಸ್ಸಲ್ಲಿರೋದು" ಎಂದುಬಿಟ್ಟೆ. ಆಮೇಲೆ ಅವಳು ಗಾಡಿ ಹತ್ತುವುದನ್ನೇ ಬಿಟ್ಟಳು. ತೌರಿಗೆ ಹೋಗಿ ಎರಡು ತಿಂಗಳಾಯಿತು. ಕೊನೆಗೆ ಪಿರಿಯಾಪಟ್ಟಣದ ಒಬ್ಬ ಶುಂಠಿ ವ್ಯಾಪಾರಿಗೆ ಗಾಡಿ ಕೊಡುವುದೆಂದು ಮಾತು ಕೊಟ್ಟೆ. ಕೊಡುವ ಮುಂಚೆ ಸಣ್ಣಪುಟ್ಟ ಕೆಲಸ ಮಾಡಿಸೋಣವೆಂದು ಮೇಸ್ತ್ರಿಗಳ ಶೆಡ್ಡಿಗೆ ತಂದು ನಿಲ್ಲಿಸಿದೆ.

"ಯಾಕೆ ಮಾರ್ತೀರಿ? ಗಾಡಿ ಚೆನ್ನಾಗದಲ್ಲ" ಎಂದರು.

ಹೆಂಡತಿಗೆ ಆಗಿಬರಲಿಲ್ಲ, ಕೂತರೆ ಉಬ್ಬಸ ಬರುತ್ತೆ ಎಂದೆ.

"ಯಾವಾಗ ಬತ್ತದೆ? ಕೂತ ತಕ್ಷಣವಾ, ಒಸಿ ದೂರ ಓದ್ಮೇಲಾ? ಎ.ಸಿ. ಆಕಿದ್ರಾ, ಆಕ್ದಿದ್ರೂನಾ?"

"ಅದೆಲ್ಲ ನಂಗೊತ್ತಿಲ್ಲ ಮೇಸ್ತ್ರಿಗಳೇ."

"ಗೊತ್ತಿರೋರ್ನ ಕರ್ಕಬನ್ನಿ ಮತ್ತೆ" ಎಂದು ಬೇರೆ ಗಾಡಿಯ ಕೆಳಗೆ ನುಗ್ಗಿದರು.

ಮಾರನೆಯ ದಿನ ಜಯಳನ್ನು ಬಸ್ಸಿನಲ್ಲಿ ಕರೆತಂದೆ. ಬರಲು ಅವಳಿಗೆ ಮನಸ್ಸಿರಲಿಲ್ಲ. ಮೇಸ್ತ್ರಿಗಳು ಸೀಮೆಎಣ್ಣೆಯಲ್ಲಿ ಕೈ ತೊಳೆದು, ಮತ್ತೆ ಸೋಪಿನಲ್ಲಿ ತೊಳೆದು, ಸ್ಟೂಲು ಒರೆಸಿ ಅವಳನ್ನು ಕೂರಿಸಿದರು. ನಾನು ಹೇಳಲು ಬಾಯಿ ತೆಗೆದೆ. ಸ್ಕ್ರೂಡ್ರೈವರು ಕಿವಿಗಿಟ್ಟಾಗ ಎತ್ತುತ್ತಿದ್ದರಲ್ಲ, ಹಾಗೆಯೇ ನನ್ನ ಕಡೆ ಕೈ ಎತ್ತಿದರು.

"ನೀನು ಯೋಳವ್ವ."

ಜಯ ಮೊದಲು ನೆಲ ನೋಡಿದಳು. ಆಮೇಲೆ ನಿಧಾನವಾಗಿ ಹೇಳಿದಳು. "ಬಿಳಿಕೆರೆ ತಂಕ ಏನೂ ಇರಾಕಿಲ್ಲ. ಅಲ್ಲಿಂದ ಮುಂದಕ್ಕೆ ರಸ್ತೆ ಅಗ್ದವ್ರಲ್ಲ, ಧೂಳು ಅಂತ ಇವ್ರು ಗ್ಲಾಸ್ ಏರ್ಸಿ ಎ.ಸಿ. ಆಕ್ತಾರೆ. ಆಗ ಒಂದು ವಾಸ್ನೆ ಬತ್ತದೆ, ಹಸಿ ಗೋಣಿಚೀಲ ಮುಚ್ಚಿಟ್ಟಂಗೆ. ಗಂಟ್ಲು ಕೆರೀತದೆ. ಆಮ್ಯಾಕೆ ಎದೆ ಹಿಡ್ಕತದೆ."

"ಗ್ಲಾಸ್ ಇಳಿಸಿದ್ರೆ?"

"ಒಸಿ ವಾಸಿ."

"ನಿಮ್ಮ ಬ್ಯಾರನ್ ತಾವ?"

"ಕೆಮ್ಮು ಬತ್ತದೆ, ಇಂಗಲ್ಲ."

"ಇದ್ನೆಲ್ಲ ಮನೇಲಿ ಯೋಳಿದ್ಯಾ?"

"ಯಾರೂ ಕೇಳ್ನಿಲ್ಲ" ಎಂದಳು ಜಯ. ನಾನು ಹೊಂಗೆ ಮರದ ಕಡೆ ನೋಡಿದೆ.

ಮೇಸ್ತ್ರಿಗಳು ಗಾಡಿ ಚಾಲೂ ಮಾಡಿ, ಎ.ಸಿ. ಫ್ಯಾನು ಹಾಕಿ, ಗಾಳಿ ಬರುವ ಕಿಂಡಿಗೆ ಮೂಗಿಟ್ಟರು. ಎರಡನೆಯ ಕಿಂಡಿಗೂ ಇಟ್ಟರು. "ಊಂ. ಗೋಣಿ ವಾಸ್ನೆ ಅದೆ" ಎಂದರು. ಎಲ್ಲಿಂದ ಎನ್ನುವುದು ಅವರಿಗೂ ತಿಳಿಯಲಿಲ್ಲ. ಅವರ ಕೈ ಪಳಗಿದ್ದ ಗಾಡಿಗಳಲ್ಲಿ ಎ.ಸಿ. ಎಂಬುದೇ ಇರಲಿಲ್ಲ. ಎಡಗಡೆ ಸೀಟಿನ ಮುಂದಿನ ಡಬ್ಬದಲ್ಲಿ ಗಾಡಿಯ ಜೊತೆ ಬಂದ ಪುಸ್ತಕ ಇತ್ತು, ಪ್ಲಾಸ್ಟಿಕ್ಕಿನ ಹೊದಿಕೆಯನ್ನು ಯಾರೂ ಹರಿದೇ ಇರಲಿಲ್ಲ. ಇಂಗ್ಲಿಷು. ಮೇಸ್ತ್ರಿಗಳಿಗೆ ಬರುತ್ತಿರಲಿಲ್ಲ, ನನಗೂ ಅಷ್ಟಕ್ಕಷ್ಟೆ. ಜಯ ಪಿ.ಯು.ಸಿ. ಓದಿದವಳು. ಕೈ ಚಾಚಿ ಇಸಿದುಕೊಂಡಳು.

ಕಾಲು ಗಂಟೆ ಹಾಳೆ ತಿರುವಿದಳು. ಆಮೇಲೆ, "ಇಲ್ಲೊಂದು ಅದೆ. ಒಳಗಡೆ ಬರೋ ಗಾಳಿ ಸೋಸೋಕೆ ಒಂದು ಫಿಲ್ಟರ್ ಇರ್ತದಂತೆ. ಈ ಡಬ್ಬದ ಹಿಂದೆ. ಧೂಳಿನ ಊರಾದ್ರೆ ಬೇಗ್ ಬೇಗ ಬದ್ಲಾಯಿಸ್ಬೇಕಂತೆ" ಎಂದಳು. ಚಿತ್ರ ತೋರಿಸಿದಳು. ಮೇಸ್ತ್ರಿಗಳು ಕನ್ನಡಕ ಏರಿಸಿ ಚಿತ್ರವನ್ನು ತುಂಬ ಹೊತ್ತು ನೋಡಿದರು.

ಡಬ್ಬದ ಎರಡು ಪಕ್ಕವನ್ನು ಒಳಕ್ಕೆ ಅದುಮಿದಾಗ ಅದು ಕೆಳಕ್ಕೆ ಮಡಚಿ ಬಿತ್ತು. ಹಿಂದೆ ಅಂಗೈಯುದ್ದದ ಒಂದು ಕಪ್ಪು ಮುಚ್ಚಳ. ಪಕ್ಕದ ಎರಡು ಕೊಂಡಿ ಒತ್ತಿ ಮುಚ್ಚಳ ತೆಗೆದರು. ಒಳಗಿನ ವಸ್ತುವನ್ನು ನಿಧಾನವಾಗಿ ಎಳೆದು ಪಂಚೆಯ ತುಂಡಿನ ಮೇಲೆ ಇಟ್ಟರು. ಫಿಲ್ಟರು ಎಂದು ಹೇಳಿದರಷ್ಟೇ ಗೊತ್ತಾಗಬೇಕು. ಮಡಿಕೆ ಮಡಿಕೆಯ ಕಾಗದದ ಸಂದಿಗಳೆಲ್ಲ ಕಂದುಬಣ್ಣದ ಧೂಳಿನಿಂದ ತುಂಬಿ ಗಟ್ಟಿಯಾಗಿದ್ದವು. ಅದರ ಮೇಲೆ ಕೊಡಗಿನ ತೋಟದ ಸಿಲ್ವರ್ ಓಕಿನ ಒಣಗಿದ ಎಲೆಗಳು, ಇಲಿ ಕಡಿದು ಗೂಡು ಕಟ್ಟಿದ್ದ ಬಟ್ಟೆಚೂರು, ಹಿಕ್ಕೆ. ಒಂದು ಮೂಲೆ ಪೂರ್ತಿ ಹಸಿರು ಬೂಷ್ಟು. ಜಯ ಸೆರಗನ್ನು ಮೂಗಿಗೆ ಹಿಡಿದು ಎರಡು ಹೆಜ್ಜೆ ಹಿಂದೆ ಸರಿದಳು. "ಇದೇ ವಾಸ್ನೆ" ಎಂದಳು.

ನನಗೆ ಖುಷಿಯಾಯಿತು. ಮೇಸ್ತ್ರಿಗಳ ಮುಖದಲ್ಲಿ ಖುಷಿ ಇರಲಿಲ್ಲ. ಅವರು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತುಬಿಟ್ಟರು.

"ಈ ಗಾಡಿಗೆ ಎರಡು ಮೂಗು ಗೌಡ್ರೇ. ಒಂದು ಇಂಜಿನ್‌ದು, ಇನ್ನೊಂದು ಕೂತಿರೋರ್ದು. ವರ್ಷದಲ್ಲಿ ಎರಡು ಸಲ ನನ್ನ ಕೈಗೆ ಬಂತು. ಎರಡು ಸಲಾನೂ ಇಂಜಿನ್ ಮೂಗು ಒರ್ಸಿ ಕಳಿಸ್ದೆ. ಮನುಷ್ಯರ್ದು ಅದೆ ಅಂತ್ಲೇ ಗೊತ್ತಿರ್ನಿಲ್ಲ ನಂಗೆ."

ಗೊತ್ತಿಲ್ಲದ್ದಕ್ಕೆ ಏನು ಮಾಡೋಕಾಗುತ್ತೆ ಎಂದೆ. "ಗೊತ್ತಿಲ್ದಿದ್ರೆ ತಿಳ್ಕಬೇಕಾಗಿತ್ತು" ಎಂದರು.

ತಿಳಿದುಕೊಳ್ಳಲು ಹೊರಟೇಬಿಟ್ಟರು. ಅವರ ಹತ್ತಿರ ಆಗಾಗ ಬರುತ್ತಿದ್ದ ಬೈಲಕುಪ್ಪೆಯ ಒಬ್ಬ ಟಿಬೆಟಿ ಡ್ರೈವರನ ಬಳಿ ಇಂಥದೇ ಗಾಡಿ ಇತ್ತು. ಶೆಡ್ಡಿಗೆ ಬೀಗ ಹಾಕಿ ಬಸ್ಸು ಹತ್ತಿ ಅಲ್ಲಿಗೆ ಹೋದರು. ತನಗಿಂತ ಮೂವತ್ತು ವರ್ಷ ಚಿಕ್ಕವನಿಂದ ಆ ಫಿಲ್ಟರನ್ನು ಬಿಚ್ಚಿಸಿ, ಹಾಕಿಸಿ, ಮತ್ತೆ ಬಿಚ್ಚಿಸಿ ನೋಡಿದರಂತೆ. "ಬೆಳ್ಳಗಿರ್ತದೆ ಕಣ್ರೀ, ಅಕ್ಕಿ ಇಟ್ಟಿನಂಗೆ" ಎಂದು ಬಂದು ಆಶ್ಚರ್ಯಪಟ್ಟರು. ಹುಣಸೂರಿನ ಅಂಗಡಿಗಳಲ್ಲಿ ಅದು ಸಿಗಲಿಲ್ಲ. ಬೆಂಕಿಪೊಟ್ಟಣದ ಮೇಲೆ ಉದ್ದಗಲ ಬರೆದುಕೊಂಡು ಮೈಸೂರಿಗೆ ಹೋದರು. ಅಲ್ಲಿಯೂ ತರಿಸಬೇಕು, ಒಂದು ವಾರ ಎಂದರು.

ಅಷ್ಟರಲ್ಲಿ ಶುಂಠಿ ವ್ಯಾಪಾರಿ ಗಾಡಿ ತೆಗೆದುಕೊಂಡು ಹೋಗಲು ಬರುವ ದಿನ ಬಂತು. ಕೊಟ್ಟ ಮಾತು. ನಮ್ಮ ಕಡೆ ಅದನ್ನು ಹಿಂದಕ್ಕೆ ತೆಗೆದುಕೊಂಡವನ ಹೆಸರು ಸಂತೆಯಲ್ಲೆಲ್ಲ ಓಡಾಡುತ್ತದೆ. ನಾನು ಮೇಸ್ತ್ರಿಗಳಿಗೆ ಹಾಗೇ ಹೇಳಿದೆ. "ಎಂಟು ದಿನ ತಡೀರಿ ಅನ್ನಿ. ಆಮ್ಯಾಲೂ ಈಯವ್ವಂಗೆ ಉಬ್ಬಸ ಬಂದ್ರೆ ನಾನೇ ಓಡ್ಸ್ಕಂಡೋಗಿ ಅವ್ರ ಮನೆ ಮುಂದೆ ನಿಲ್ಲಿಸ್ತೀನಿ" ಎಂದರು. ವ್ಯಾಪಾರಿಗೆ ಫೋನು ಮಾಡಿದೆ. ಗೊಣಗಿಕೊಂಡು ಒಪ್ಪಿದ.

ಆ ವಾರದಲ್ಲಿ ಮೇಸ್ತ್ರಿಗಳು ಫಿಲ್ಟರು ಕೂರುವ ಗೂಡನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರು. ಗಾಳಿ ಬರುವ ಕೊಳವೆಗಳನ್ನು ಪಂಕ್ಚರ್ ಅಂಗಡಿಯ ಗಾಳಿಯಲ್ಲಿ ಊದಿಸಿದರು. ಸೀಟು ಬಿಚ್ಚಿ ಬಿಸಿಲಿಗಿಟ್ಟರು. ಫಿಲ್ಟರು ಬಂದ ದಿನ ಜಯಳನ್ನೂ ಕರೆಸಿದರು. ಹಾಕಿ, ಮುಚ್ಚಳ ಮುಚ್ಚುವಷ್ಟರಲ್ಲಿ ಅವಳು ಪುಸ್ತಕ ಹಿಡಿದು, "ತಡೀರಿ. ಪಕ್ಕದಲ್ಲಿ ಬಾಣದ ಗುರ್ತು ಇರ್ತದೆ, ಅದು ಕೆಳಕ್ಕೆ ನೋಡ್ಬೇಕಂತೆ" ಎಂದಳು. ತೆಗೆದು ನೋಡಿದರೆ ಬಾಣ ಮೇಲಕ್ಕಿತ್ತು. ಮೇಸ್ತ್ರಿಗಳು ತಿರುಗಿಸಿ ಹಾಕಿದರು. ನಲವತ್ತು ವರ್ಷದ ಕೆಲಸಗಾರನ ಕೈಯನ್ನು ಮೊದಲ ಸಲ ಗಾಡಿಯೊಳಕ್ಕೆ ಬಗ್ಗಿ ನೋಡುತ್ತಿರುವ ಹೆಂಗಸು ತಿದ್ದಿದ್ದು ನನಗೇ ಮುಜುಗರ ತಂದಿತು. ಅವರಿಗೆ ಏನೂ ಅನ್ನಿಸಿದ ಹಾಗೆ ಕಾಣಲಿಲ್ಲ. "ಓದಿದೋರು ಪಕ್ಕದಲ್ಲಿದ್ರೆ ಇದೇ ಅನುಕೂಲ" ಎಂದರು ಅಷ್ಟೆ.

ಅಲ್ಲಿಂದ ಬಿಳಿಕೆರೆಗೆ ಹೋಗಿ ಬರುವುದೆಂದಾಯಿತು. ಬೆಳಿಗ್ಗೆ ಹನ್ನೊಂದೂವರೆ ಇರಬಹುದು. ನಾನು ಓಡಿಸಿದೆ, ಪಕ್ಕದಲ್ಲಿ ಜಯ, ಹಿಂದಿನ ಸೀಟಿನಲ್ಲಿ ಮೇಸ್ತ್ರಿಗಳು. ಮೈಮೇಲಿನ ಎಣ್ಣೆ ಬಟ್ಟೆಯಿಂದ ಸೀಟು ಕೊಳೆಯಾಗಬಾರದೆಂದು ತಮ್ಮ ಗೋಣಿಚೀಲ ತಂದಿದ್ದರು, ಆದರೆ ಅದರ ವಾಸನೆ ಲೆಕ್ಕ ತಪ್ಪಿಸುತ್ತದೆ ಎಂದು ಅದನ್ನೂ ಬಿಟ್ಟು ಪೇಪರು ಹಾಸಿಕೊಂಡರು. ಗ್ಲಾಸು ಏರಿಸಿ ಎ.ಸಿ. ಹಾಕಿದೆ. ಮೇಸ್ತ್ರಿಗಳು ಕೈಗಡಿಯಾರ ಬಿಚ್ಚಿ ಅಂಗೈಯಲ್ಲಿ ಇಟ್ಟುಕೊಂಡರು. ಅಗೆದ ರಸ್ತೆಯ ಕೆಂಪು ಧೂಳು ಮುಂದಿನ ಲಾರಿಯ ಹಿಂದೆ ಏಳುತ್ತಿತ್ತು. ಜಯ ಒಮ್ಮೆ ಗಂಟಲು ಸರಿಮಾಡಿಕೊಂಡಳು. ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. "ಏನಿಲ್ಲ, ನಡೀರಿ" ಎಂದಳು. ಬಿಳಿಕೆರೆಯಲ್ಲಿ ತಿರುಗಿಸಿದೆ. ವಾಪಸು ಬರುತ್ತಾ ಹುಣಸೂರಿನ ಮನೆಗಳು ಕಾಣಿಸಿದಾಗ ನೋಡಿದರೆ, ಅವಳು ತಲೆ ಹಿಂದಕ್ಕೆ ಒರಗಿಸಿ ನಿದ್ದೆ ಹೋಗಿದ್ದಳು. ಎಬ್ಬಿಸಬೇಡಿ ಎಂದು ಮೇಸ್ತ್ರಿಗಳು ಹಿಂದಿನಿಂದ ನನ್ನ ಭುಜ ಮುಟ್ಟಿ ಸನ್ನೆ ಮಾಡಿದರು. ಶೆಡ್ಡಿನ ಮುಂದೆ ಗಾಡಿ ನಿಲ್ಲಿಸಿ, ಇಂಜಿನ್ ಆರಿಸದೆ, ನಾವಿಬ್ಬರೂ ಹಾಗೇ ಕೂತಿದ್ದೆವು.

ವ್ಯಾಪಾರಿ ಬಂದಾಗ ಮಾತಾಡಿದವಳು ಜಯಳೇ. ನಡೆದದ್ದನ್ನೆಲ್ಲ ಹೇಳಿ, ಹಳೆಯ ಫಿಲ್ಟರು ತೋರಿಸಿ, "ತಪ್ಪು ತಿಳ್ಕಬ್ಯಾಡಿ ಅಣ್ಣ, ಗಾಡಿ ಕೊಡಾಕಿಲ್ಲ" ಎಂದಳು. ಆತ ಫಿಲ್ಟರನ್ನು ಕಡ್ಡಿಯಲ್ಲಿ ತಿರುವಿ ನೋಡಿದ. "ನನ್ ಕಾರಲ್ಲೂ ಇಂಗೇ ಒಂದು ಇದ್ದಾತಾ?" ಎಂದು ಮೇಸ್ತ್ರಿಗಳನ್ನು ಕೇಳಿದ. ಮಾತು ಅಲ್ಲಿಗೆ ಮುಗಿಯಿತು.

ಉಬ್ಬಸ ಪೂರ್ತಿ ಹೋಯಿತು ಎಂದು ನಾನು ಹೇಳುವುದಿಲ್ಲ. ಸೊಪ್ಪು ಬೇಯಿಸುವ ಕಾಲದಲ್ಲಿ ಇವತ್ತಿಗೂ ಅವಳು ಸೇದುವ ಔಷಧ ಇಟ್ಟುಕೊಂಡಿರುತ್ತಾಳೆ. ಬೂಷ್ಟು ಕೆಲವರಿಗೆ ಹಾಗೆ ಮಾಡುತ್ತದೆ ಎಂದು ಡಾಕ್ಟರೂ ಆಮೇಲೆ ಹೇಳಿದರು. ಆದರೆ ಗಾಡಿಯಲ್ಲಿ ಉಬ್ಬಸ ಮತ್ತೆ ಬರಲಿಲ್ಲ. ಪ್ರತಿ ಗುರುವಾರ ಬೆಳಿಗ್ಗೆ ಹೊರಟು ಕೋಟೆಯ ಆಚೆಗೆ ಹೋಗಿ, ಸಂಜೆ ವಾಪಸು ಬರುತ್ತಿದ್ದೆವು. ತಾಯಿಗೆ ಬಿಸಿನೀರು ಕಾಯಿಸಿ ಸ್ನಾನ ಮಾಡಿಸುತ್ತಿದ್ದಳು. ಹಾಗೆ ಹನ್ನೊಂದು ತಿಂಗಳು. ಅತ್ತೆ ತೀರಿಹೋದ ದಿನವೂ ಗುರುವಾರವೇ. ತಲೆ ಬಾಚುತ್ತಿದ್ದಾಗ ಮಗಳ ತೊಡೆಯ ಮೇಲೇ ಪ್ರಾಣ ಬಿಟ್ಟರು.

ಆ ಫಿಲ್ಟರಿನಿಂದಾಗಿ ಇನ್ನೊಂದು ಕೆಲಸ ಹುಟ್ಟಿಕೊಂಡಿತು. ಮೇಸ್ತ್ರಿಗಳು ತಮ್ಮಲ್ಲಿಗೆ ಬರುವ ಹೊಸ ಗಾಡಿಗಳ ಪುಸ್ತಕಗಳನ್ನು ನನ್ನ ಕೈಲಿ ಮನೆಗೆ ಕಳಿಸತೊಡಗಿದರು. ಜಯ ಓದಿ, ಏನೇನು ಎಲ್ಲಿದೆ, ಯಾವಾಗ ಬದಲಾಯಿಸಬೇಕು ಎಂದು ಕನ್ನಡದಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಕೊಡುತ್ತಿದ್ದಳು. ತಿಳಿಯದಿದ್ದ ಕಡೆ ಚಿತ್ರ ನಕಲು ಮಾಡುತ್ತಿದ್ದಳು. ಮೇಸ್ತ್ರಿಗಳು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟುಕೊಂಡು, ಬೇರೆ ಮೆಕ್ಯಾನಿಕ್ಕುಗಳು ಬಂದು ಕೇಳಿದರೆ ಅಲ್ಲೇ ಕೂತು ಓದಲು ಕೊಡುತ್ತಿದ್ದರು. ಮನೆಗೆ ಕೊಡುತ್ತಿರಲಿಲ್ಲ. "ನಮ್ಮ ಟೀಚರಮ್ಮನ ಬರವಣಿಗೆ" ಎನ್ನುತ್ತಿದ್ದರಂತೆ. ಪಿ.ಯು.ಸಿ. ಮುಗಿಸಿದ ಮೇಲೆ ಅವಳು ಪೆನ್ನು ಹಿಡಿದಿದ್ದು ನಾನು ನೋಡಿದ್ದು ಅದೇ ಮೊದಲು.

ನಾಲ್ಕು ವರ್ಷದ ನಂತರ, ಬೇಸಗೆಯ ಒಂದು ಬೆಳಿಗ್ಗೆ, ಕೆ.ಆರ್. ನಗರದ ಬಸ್ ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತಾ ಕೂತಿದ್ದ ಮೇಸ್ತ್ರಿಗಳು ಹಾಗೇ ಪಕ್ಕಕ್ಕೆ ಒರಗಿದರಂತೆ. ಎದೆನೋವು. ಆಸ್ಪತ್ರೆಗೆ ಸಾಗಿಸುವಷ್ಟರಲ್ಲಿ ಮುಗಿದಿತ್ತು. ನನಗೆ ಸುದ್ದಿ ಮುಟ್ಟಿದ್ದು ಮಾರನೆಯ ದಿನ, ಶೆಡ್ಡಿನ ಪಕ್ಕದ ಪಂಕ್ಚರ್ ಅಂಗಡಿಯವನಿಂದ. ಅಷ್ಟು ಹೊತ್ತಿಗೆ ಮಣ್ಣು ಮಾಡಿಯಾಗಿತ್ತು.

ಹಾಲುತುಪ್ಪದ ದಿನ ಭೇರ್ಯದ ಕಡೆ ಹೊರಟೆ. ಜಯ ತಾನೂ ಬರುತ್ತೇನೆಂದು, ನಮ್ಮ ಹಸುವಿನ ಹಾಲು ಒಂದು ಚೊಂಬಿನಲ್ಲಿ ಹಿಡಿದು ಕೂತಳು. ಹೊಲದ ಅಂಚಿನಲ್ಲಿ ಹಸಿಮಣ್ಣಿನ ಗುಡ್ಡೆ, ಸುತ್ತ ನೆಂಟರು. ರಕ್ತಸಂಬಂಧದವರು ಒಬ್ಬೊಬ್ಬರಾಗಿ ಹಾಲೆರೆಯುತ್ತಿದ್ದರು. ಜಯ ಆ ಸಾಲಿನಲ್ಲಿ ಹೋಗಿ ನಿಂತುಬಿಟ್ಟಳು. ಮೇಸ್ತ್ರಿಗಳ ಅಕ್ಕ ಇರಬೇಕು, ವಯಸ್ಸಾದ ಹೆಂಗಸು ತಿರುಗಿ ಇವಳ ಮುಖ ನೋಡಿತು.

"ಯಾರವ್ವ ನೀನು? ಅವ್ನಿಗೆ ಏನಾಗ್ಬೇಕು?"

ಜಯ ಚೊಂಬನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಏನೂ ಆಗ್ಬೇಕಿಲ್ಲ ಕಣಜ್ಜಿ. ನಮ್ಮವ್ವನ್ನ ನೋಡ್ದೆ ಉಳ್ದುಬುಡ್ತಿದ್ದೆ ನಾನು. ಓಗಂಗೆ ಮಾಡ್ಕೊಟ್ರು."

ಮುದುಕಿ ತನ್ನ ಮುಂದೆ ಜಾಗ ಬಿಟ್ಟು, "ಬಾ, ನೀನು ಮೊದ್ಲು ಹಾಲು ಬುಡು" ಎಂದಿತು.